ಅಂಗೈಯಗಲದ ಒಲೆ

ಕನ್ನಡಕ ರಿಪೇರಿಯಾತನಿಗೆ ಈ ಸಲದ ಚಾರಣದಲ್ಲಿ ಬೇಕಾಗಿದ್ದದ್ದು ಬೆಟ್ಟದ ತುದಿಯಲ್ಲ, ಮಾನ. ಹೋದ ಸಲ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕುಳಿತಾಗ ಅವನ ಚೀಲವನ್ನು ಹೊತ್ತವಳು ನಾದಿನಿ. ಅಂದಿನಿಂದ ಮನೆಗೆ ಯಾರು ಊಟಕ್ಕೆ ಬಂದರೂ ಅನ್ನಕ್ಕಿಂತ ಮೊದಲು ಆ ಕತೆಯನ್ನು ಬಡಿಸಲಾಗುತ್ತಿತ್ತು.

ಸಂಜೆ ಹೊರಡಬೇಕು. ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ, ಅಡುಗೆಮನೆಯಲ್ಲಿ ತಕ್ಕಡಿ ಹಿಡಿದು ಕುಳಿತ. ಗ್ಯಾಸಿನ ಒಲೆ ಭಾರ, ಸೀಮೆಎಣ್ಣೆಯದು ಇನ್ನೂ ಭಾರ. ಅಳೆದು ಸುರಿದು ಕೊನೆಗೆ ಅಂಗೈಯಗಲದ ಸ್ಪಿರಿಟ್ ಒಲೆ, ತೆಳು ತಗಡಿನ ಒಂದು ಲೋಟ, ಒಂದು ಚಮಚ ಎಂದು ತೀರ್ಮಾನಿಸಿದ. ಚಮಚದ ಹಿಡಿಯೂ ದಂಡವೆನಿಸಿ, ಕನ್ನಡಕದ ಕಡ್ಡಿ ಕೊಯ್ಯುವ ಗರಗಸದಿಂದ ಅರ್ಧಕ್ಕೆ ಕತ್ತರಿಸಿದ.

"ಅದು ನಮ್ಮಮ್ಮ ಕೊಟ್ಟಿದ್ದು," ಎಂದಳು ಹೆಂಡತಿ.

"ಅರ್ಧ ಇನ್ನೂ ಇಲ್ಲೇ ಇದೆಯಲ್ಲ."

ಹೆಂಡತಿ ಆ ಅರ್ಧವನ್ನು ನೋಡಿದ ರೀತಿಗೆ ಅವನು ಒಲೆ, ಅಕ್ಕಿಯ ಗಂಟು ಎತ್ತಿಕೊಂಡು ಬಾಲ್ಕನಿಗೆ ಹೋಗಿ ಒಲೆ ಹಚ್ಚಿ ನೋಡಿದ.

ಅಲ್ಲಿ ಮೇಲಿನ ಮಹಡಿಯ ನಿವೃತ್ತ ಬಸ್ ಡ್ರೈವರ್ ಕರೆಯದೆಯೇ ಹಾಜರಾದರು. ಕಟ್ಟಡದಲ್ಲಿ ಯಾರ ಮನೆಯಲ್ಲಿ ಬೆಂಕಿಕಡ್ಡಿ ಗೀರಿದರೂ ಅವರಿಗೆ ವಾಸನೆ ಬರುತ್ತಿತ್ತು.

"ಇದೇನು, ಗೊಂಬೆ ಆಟದ್ದಾ? ಬೆಟ್ಟದ ಮೇಲೆ ಗಾಳಿ ಹೆಂಗಿರತ್ತೆ ಗೊತ್ತಾ? ನನ್ನ ಹತ್ರ ಎರಡು ಬರ್ನರಿಂದು ಇದೆ, ತಗೊಂಡು ಹೋಗಿ."

"ಬೇಡ ಸಾರ್. ಇದು ಗಾಳಿ ತಡೆಯತ್ತೆ."

"ನೋಡೇ ಬಿಡೋಣ," ಎಂದವರೇ ಡ್ರೈವರ್ ವೃತ್ತಪತ್ರಿಕೆ ಮಡಚಿ ಬೀಸತೊಡಗಿದರು. ಜ್ವಾಲೆ ಬಗ್ಗಿತು, ಎದ್ದಿತು, ಒಣಗಲು ಹಾಕಿದ್ದ ಟವೆಲ್ಲಿಗೆ ತಗುಲಿತು. ಡ್ರೈವರ್ ಗಾಬರಿಯಿಂದ ಬಕೆಟ್ ನೀರು ಎತ್ತಿ ಸುರಿದರು. ಟವೆಲ್, ಒಲೆ, ಕನ್ನಡಕದವನು, ಚಾರಣಕ್ಕೆಂದು ಕಟ್ಟಿಟ್ಟ ಅಕ್ಕಿ ಎಲ್ಲವೂ ತೊಯ್ದವು.

"ನಾನು ಹೇಳ್ಲಿಲ್ವಾ, ಆರಿಹೋಗತ್ತೆ ಅಂತ," ಎಂದರು ಡ್ರೈವರ್ ಬಕೆಟ್ ಕೆಳಗಿಡುತ್ತ.

ಆದರೂ ಅವನು ಜಗ್ಗಲಿಲ್ಲ. ಒಲೆಯನ್ನು ಒರೆಸಿ, ನೆನೆದ ಅಕ್ಕಿಯನ್ನು ಬಿಟ್ಟು, ಎರಡು ಪೊಟ್ಟಣ ನೂಡಲ್ಸ್ ಹಾಕಿಕೊಂಡು ಹೊರಟ. ಚೀಲ ಬೆನ್ನ ಮೇಲಿದೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡ. ಬಹಳ ದಿನಗಳ ಮೇಲೆ ಅವನಿಗೆ ನಿಜವಾಗಿ ಸಂತೋಷವಾಗಿತ್ತು.

ಬೆಟ್ಟದ ಬುಡದಲ್ಲಿ ತಂಡದ ಮುಖಂಡರಾದ ಡ್ರಿಲ್ ಮಾಸ್ತರರು ಸ್ಪ್ರಿಂಗ್ ತಕ್ಕಡಿ ಹಿಡಿದು ನಿಂತಿದ್ದರು. ಒಬ್ಬೊಬ್ಬರ ಚೀಲಕ್ಕೂ ಮುಳ್ಳು ಸರ್ರನೆ ಇಳಿಯಿತು. ನಾದಿನಿಯ ಚೀಲವಂತೂ ತುಂಬು ಗರ್ಭಿಣಿಯಂತಿತ್ತು. ಅವನದಕ್ಕೆ ಮುಳ್ಳು ಅಲುಗಿತೋ ಇಲ್ಲವೋ ಅನ್ನುವಂತಾಯಿತು.

"ಇವರನ್ನ ನೋಡಿ ಕಲೀರಿ," ಎಂದರು ಮಾಸ್ತರರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಎದೆಯುಬ್ಬಿತು. ಓರೆಗಣ್ಣಿನಿಂದ ನಾದಿನಿಯನ್ನು ನೋಡಿದ. ಅವಳೂ ತಟ್ಟುತ್ತಿದ್ದಳು.

ಮಾಸ್ತರರು ಜೀಪಿನ ಹಿಂದಿನಿಂದ ಕಂಬ, ಹಗ್ಗ, ಗೂಟಗಳ ಸಮೇತ ಒಂದು ದಪ್ಪನೆಯ ಸುರುಳಿಯನ್ನು ಎಳೆದು ತಂದು ಅವನ ಕಾಲಬಳಿ ಇಳಿಸಿದರು.

"ಇದೇನು ಮಾಸ್ತರೇ?"

"ಎಲ್ಲರಿಗೂ ಸೇರಿದ ಗುಡಾರ. ಯಾರ ಚೀಲ ಎಲ್ಲರಿಗಿಂತ ಹಗುರವೋ ಅವರು ಹೊರೋದು ನಮ್ಮ ಪದ್ಧತಿ. ಹೋದ ಸಲ ನಿಮ್ಮದೇ ಎಲ್ಲರಿಗಿಂತ ಭಾರ ಇತ್ತು, ಅದಕ್ಕೆ ನಿಮಗೆ ಹೇಳೋ ಪ್ರಸಂಗ ಬರಲಿಲ್ಲ."

ಇಬ್ಬರು ಸೇರಿ ಅದನ್ನು ಅವನ ಬೆನ್ನಿಗೇರಿಸಿದರು. ಮಂಡಿ ಬಗ್ಗಿತು. ನಾದಿನಿ ತನ್ನ ಚೀಲವನ್ನು ಒಂದು ಹೆಗಲಿಗೆ ಸರಿಸಿಕೊಂಡು, ಇನ್ನೊಂದು ಹೆಗಲನ್ನು ಖಾಲಿ ಮಾಡಿಕೊಂಡು ಹತ್ತಿರ ಬಂದಳು.

"ಭಾವ, ಈಗಲೇ ಕೊಡ್ತೀರಾ, ಇಲ್ಲ ಅರ್ಧ ದಾರೀಲಾ?"