ಬೆಚ್ಚನೆಯ ಧ್ವನಿಯ ಬಿಡಿಭಾಗ

ಉಸಿರಾಡುವ ಯಾವುದರ ಮೇಲೂ ಸಂಗೀತದ ಅನುದಾನವನ್ನು ಖರ್ಚು ಮಾಡತಕ್ಕದ್ದಲ್ಲ. ಎರಡು ಸಾವಿರದ ಐದನೇ ಇಸವಿಯಲ್ಲಿ ಶಿರಸಿಯ ಸ್ವರಶಾರದಾ ಸಂಗೀತ ಸಭೆಗೆ ‘ನಾದ ಸಂಜೀವಿನಿ’ ಯೋಜನೆಯ ಹಣ ಮಂಜೂರಾದಾಗ ಆದೇಶದಲ್ಲಿ ಹೀಗೆ ಸ್ಪಷ್ಟವಾಗಿ ಬರೆದಿತ್ತು. ಉಪಕರಣ ಕೊಳ್ಳಬಹುದು, ಅದಕ್ಕೆ ಬಿಡಿಭಾಗ ಹಾಕಿಸಬಹುದು, ನಿರ್ವಹಣೆ ಮಾಡಬಹುದು. ಹಾಡುವವರು ಮತ್ತು ಬಾರಿಸುವವರು ಉಸಿರಾಡುವುದು ಇಲಾಖೆಯ ಗಮನಕ್ಕೆ ಬಂದಿದ್ದರಿಂದ ಅವರು ಅನರ್ಹರು.

ಸಭೆಯ ಕಾರ್ಯದರ್ಶಿ ನಾಗಪತಿ ಹೆಗಡೆಯವರು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದವರು. ಸರ್ಕಾರಿ ಆದೇಶವನ್ನು ಕೈಕಾಲು ತೊಳೆದುಕೊಂಡು ಓದುವವರು. ಅವರು ಮಾಡಿದ ಮೊದಲ ಕೆಲಸವೆಂದರೆ ಗಂಗಕ್ಕನನ್ನು ನಿಲ್ಲಿಸಿದ್ದು.

ಗಂಗಕ್ಕ ಸಿದ್ದಾಪುರದ ಹತ್ತಿರ ಕೋಲಸಿರ್ಸಿಯವರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಚಿಕ್ಕಂದಿನಲ್ಲಿ ಧಾರವಾಡದ ಗುರುಗಳ ಮನೆಯಲ್ಲಿದ್ದು ಹಾಡು ಕಲಿತಿದ್ದರು. ಪ್ರತಿ ತಿಂಗಳ ಮೊದಲ ಶನಿವಾರ ತಂಬೂರಿಯನ್ನು ಮಗುವಿನಂತೆ ತಬ್ಬಿಕೊಂಡು ಬಸ್ಸಿನಲ್ಲಿ ಬಂದು ಸಭೆಯಲ್ಲಿ ಹಾಡುತ್ತಿದ್ದರು. ಒಂದು ತೆಂಗಿನಕಾಯಿ ಮತ್ತು ಬಸ್ ಚಾರ್ಜು ತಗೊಂಡು ವಾಪಸಾಗುತ್ತಿದ್ದರು. ಅವರಿಗೆ ಈಗ ಒಂದು ಪತ್ರ ತಲುಪಿತು: ‘ತಮ್ಮ ಗಾಯನವನ್ನು ತಾಂತ್ರಿಕ ಕಾರಣದಿಂದ ಅನಿರ್ದಿಷ್ಟ ಕಾಲ ಮುಂದೂಡಲಾಗಿದೆ. ಸಹಕರಿಸಬೇಕು.’ ಗಂಗಕ್ಕ ಸಹಕರಿಸಿದರು. ಎರಡು ದಿನ ತಂಬೂರಿಯ ಗವಸು ಬಿಚ್ಚಲಿಲ್ಲ, ಅಷ್ಟೇ.

ಹುಬ್ಬಳ್ಳಿಯಿಂದ ಡಿಜಿಟಲ್ ಮ್ಯೂಸಿಕ್ ಪ್ಲೇಯರು ಬಂತು. ಪರದೇಶದ ಮಾಲು. ನೋಡಲಿಕ್ಕೆ ಗೋದ್ರೇಜ್ ಕಪಾಟಿನ ತಮ್ಮನಂತಿತ್ತು. ಎರಡು ಕಡೆ ಆಳೆತ್ತರದ ಸ್ಪೀಕರು, ಹಣೆಯ ಮೇಲೆ ನೀಲಿ ದೀಪ. ಸಾವಿರಾರು ರಾಗಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಮ್ಮೆಯೂ ತೇಗದ ಯಂತ್ರ. ಅರಿಶಿನ ಕುಂಕುಮ ಹಚ್ಚಿ ಶುರು ಮಾಡಿದರು. ಹಾಡು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು, “ಚೊಲೋ ಇದ್ದು. ತಣ್ಣಗೆ ಇದ್ದು,” ಅಂದರು.

ಆದೇಶದ ಪ್ರಕಾರ ಉಪಕರಣದ ಧ್ವನಿ ‘ಬೆಚ್ಚಗೂ ಜೀವಂತವಾಗಿಯೂ’ ಇರತಕ್ಕದ್ದು. ಆರು ತಿಂಗಳಿಗೆ ಅಧಿಕಾರಿ ಬಂದು ಕೇಳಿ ನೋಡುವವರು. ಧ್ವನಿ ತಣ್ಣಗಿದ್ದರೆ ಅನುದಾನ ವಾಪಸು, ಸಭೆಯ ಬಾಗಿಲಿಗೆ ಬೀಗ. ನಾಗಪತಿ ಮಾರಾಟಗಾರ ನವೀನನಿಗೆ ಫೋನು ಮಾಡಿದರು.

ನವೀನ ಟೈ ಕಟ್ಟಿಕೊಂಡು ಬಂದ. ಕಿವಿಯಿಟ್ಟು ಕೇಳಿದ. “ಯಂತ್ರ ಇನ್ನೂ ಪಳಗಿಲ್ಲ ಸರ್. ಹಗಲಿಡೀ ಹಾಡಿಸಬೇಕು,” ಅಂದ. ಖಾಲಿ ಸಭಾಗೃಹದಲ್ಲಿ ಯಂತ್ರ ವಾರಗಟ್ಟಲೆ ಹಾಡಿತು. ಅದು ಒಂಟಿತನದಿಂದ ಕೆಡಬಾರದೆಂದು ವಾಚ್‌ಮನ್ ಹೊನ್ನನನ್ನು ಎದುರಿಗೆ ಕೂರಿಸಲಾಯಿತು. ಆಗಾಗ ‘ಆಹಾ’ ಎನ್ನುವಂತೆ ಅವನಿಗೆ ಲಿಖಿತ ಸೂಚನೆ ಕೊಡಲಾಯಿತು. ಹೊನ್ನ ಪ್ರಾಮಾಣಿಕನಾದ್ದರಿಂದ ಊಟದ ಹೊತ್ತಿನಲ್ಲೂ ‘ಆಹಾ’ ಎನ್ನುತ್ತಿದ್ದ. ಯಂತ್ರ ಪಳಗಲಿಲ್ಲ. ನವೀನ ಹೆಬ್ಬಾವಿನಷ್ಟು ದಪ್ಪದ ಕೇಬಲ್ ಹಾಕಿದ. ಆಮೇಲೆ ಯಂತ್ರವನ್ನು ಬೀಟೆ ಮರದ ಕಾಲುಗಳ ಮೇಲೆ ನಿಲ್ಲಿಸಬೇಕೆಂದ. ಬೀಟೆಗಾಗಿ ನಾಗಪತಿ ಯಲ್ಲಾಪುರದ ಅರಣ್ಯ ಕಚೇರಿಗೆ ಓಡಾಡಿದರು. ಅಲ್ಲಿ ‘ಸಂಗೀತೋದ್ದೇಶದ ಕಾಲು’ ಎಂಬ ಬಾಬತ್ತೇ ಇಲ್ಲದ್ದರಿಂದ ಅದನ್ನು ‘ಮಂಚ, ಸಣ್ಣದು’ ಎಂದು ಬರೆದು ಪರವಾನಗಿ ಪಡೆದರು. ಮಂಚದ ಮೇಲೆ ನಿಂತ ಯಂತ್ರ ಮೊದಲಿಗಿಂತ ಎತ್ತರದಿಂದ ತಣ್ಣಗೆ ಹಾಡಿತು.

“ದೋಷ ಯಂತ್ರದ್ದಲ್ಲ ಸರ್,” ಎಂದ ನವೀನ, ಸ್ವಿಚ್ ಬೋರ್ಡನ್ನು ಮುಟ್ಟಿ ನೋಡಿ. “ನಿಮ್ಮ ಕಡೆ ಬರೋದು ನೀರಿನಿಂದ ಹುಟ್ಟಿದ ಕರೆಂಟು. ಸ್ವಭಾವತಃ ತಂಪು. ರಾಯಚೂರಿನ ಕಡೆಯದು ಕಲ್ಲಿದ್ದಲಿನದು, ಅದು ಬಿಸಿ. ಅದನ್ನ ಹಾಕಿಸ್ಕೊಳ್ಳಿ.”

ನಾಗಪತಿ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟರು. ಗ್ರಾಹಕರಿಗೆ ಬೇಕಾದ ಉಷ್ಣಾಂಶದ ಕರೆಂಟನ್ನು ಆರಿಸಿ ಕೊಡುವ ವ್ಯವಸ್ಥೆ ಸದ್ಯಕ್ಕಿಲ್ಲವೆಂದೂ ಬೇಡಿಕೆಯನ್ನು ಮೇಲಕ್ಕೆ ಕಳಿಸಲಾಗಿದೆಯೆಂದೂ ಉತ್ತರ ಬಂತು. ಅದರ ಮರುದಿನವೇ ಅಧಿಕಾರಿ ಬರುವ ತಾರೀಕೂ ಬಂತು.

ನಾಗಪತಿ ಕೋಲಸಿರ್ಸಿಯ ಬಸ್ಸು ಹತ್ತಿದರು. ಗಂಗಕ್ಕ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಲಟ್ಟಿಸುತ್ತಿದ್ದರು. ತಲೆಯೆತ್ತಲಿಲ್ಲ.

“ಎಂತ ಬಂದ್ಯೋ ತಮಾ? ತಾಂತ್ರಿಕ ಕಾರಣ ಮುಗತ್ತಾ?”

“ಇಲ್ಲೆ ಗಂಗಕ್ಕಾ. ಹೆಚ್ಚಾಯ್ದು.”

“ಪೆಟ್ಟಿಗೆಗೆ ಎಂತಾತು?”

“ಎಂತೂ ಆಜಿಲ್ಲೆ. ಶ್ರುತಿ ತಪ್ತಿಲ್ಲೆ, ತಾಳ ತಪ್ತಿಲ್ಲೆ. ಜೀವ ಒಂದು ಇಲ್ಲೆ. ನಿಂಗ ಅಧಿಕಾರಿ ಬಂದ ದಿನ ಪರದೆ ಹಿಂದೆ ಕೂತ್ಕಂಡು...”

“ಪೆಟ್ಟಿಗೆ ಬದ್ಲಿಗೆ ಆನು ಹಾಡದಾ?”

“ಬದ್ಲಿಗೆ ಅಲ್ದೇ ಗಂಗಕ್ಕಾ. ಅದರ ಪರವಾಗಿ.”

ಗಂಗಕ್ಕ ಲಟ್ಟಣಿಗೆ ಕೆಳಗಿಟ್ಟರು. ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಆರು ತಿಂಗಳಿಂದ ಅವರು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹಾಡುತ್ತಿದ್ದರು. ಪಾತ್ರೆಗಳು ತಲೆದೂಗುವುದಿಲ್ಲ. ಸಭೆಯ ಆ ಹಳೆಯ ಜಮಖಾನೆ, ಮುಂದಿನ ಸಾಲಿನವರ ‘ವಾಹ್ವಾ’ ನೆನಪಾದವು.

“ಅಕ್ಕು, ಬತ್ತೆ,” ಎಂದು ಒಪ್ಪಿದರು. “ಕಾಳುಮೆಣಸು ಹಾಕಿದ ಬಿಸಿನೀರು ಇಡ್ಸು. ಮತ್ತೆ ಆ ಪೆಟ್ಟಿಗೆ ನಡುವೆ ಬಾಯಿ ಹಾಕ್ಲಾಗ.”

ಅಧಿಕಾರಿ ಚಂದ್ರಶೇಖರಪ್ಪನವರು ಹಾವೇರಿ ಕಡೆಯವರು. ದಪ್ಪ ಮೀಸೆ, ಕೈಯಲ್ಲಿ ಕಡತ. ಬಂದವರೇ ಯಂತ್ರದ ಎದುರಿಗೆ ಕುರ್ಚಿ ಎಳೆದು ಕೂತು, “ಹಚ್ರಿ,” ಎಂದರು. ಹೊನ್ನ ಗುಂಡಿ ಒತ್ತಿದ. ನೀಲಿ ದೀಪ ಹತ್ತಿತು. ಯಂತ್ರದ ದನಿಯನ್ನು ಮೊದಲೇ ಸೊನ್ನೆಗೆ ಇಳಿಸಲಾಗಿತ್ತು. ಪರದೆಯ ಹಿಂದಿನಿಂದ ತಂಬೂರಿ ಮಿಡಿಯಿತು, ಆಮೇಲೆ ಷಡ್ಜ ಬಂತು.

ಗಂಗಕ್ಕ ಭೀಮಪಲಾಸವನ್ನು ನಿಧಾನಕ್ಕೆ, ಹಸುಗೂಸನ್ನು ನೀರಿಗಿಳಿಸುವಂತೆ ಇಳಿಸಿದರು. ಆರು ತಿಂಗಳು ಪಾತ್ರೆಗಳಿಗೆ ಹಾಡಿದ್ದೆಲ್ಲ ಅದರಲ್ಲಿತ್ತು. ಚಂದ್ರಶೇಖರಪ್ಪ ಕಡತ ಮುಚ್ಚಿದರು. ನಡುವೆ ಒಮ್ಮೆ ಗಂಗಕ್ಕ ಕೆಮ್ಮಿ, ನೀರು ಗುಟುಕರಿಸಿದರು.

“ಏನ್ರೀ ಇದು! ನೀರು ಕುಡಿಯೋದೂ ಕೇಳಿಸ್ತೈತಿ!”

“ಬಹಳ ಸೂಕ್ಷ್ಮ ಯಂತ್ರ ಸಾರ್,” ಎಂದರು ನಾಗಪತಿ.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ನೀಲಿ ದೀಪ ಆರಿತು. ಪರದೆಯ ಹಿಂದೆ ಕಣ್ಣು ಮುಚ್ಚಿಕೊಂಡಿದ್ದ ಗಂಗಕ್ಕನಿಗೆ ಇದು ತಿಳಿಯಲಿಲ್ಲ. ಅವರು ಆಗಷ್ಟೇ ತಾರ ಷಡ್ಜಕ್ಕೆ ಹತ್ತಿದ್ದರು. ಹೊನ್ನ ಏನು ಮಾಡುವುದೆಂದು ತೋಚದೆ ‘ಆಹಾ’ ಎಂದ.

“ಕರೆಂಟ್ ಹೋಗೇತಿ,” ಎಂದರು ಅಧಿಕಾರಿ.

“ಹೋಗಿದೆ ಸಾರ್.”

“ಹಾಡು ನಿಂತಿಲ್ಲಲ್ರೀ.”

“ಚೆನ್ನಾಗಿ ಬೆಚ್ಚಗಾದ ಯಂತ್ರ ಸಾರ್. ಆರಲಿಕ್ಕೆ ಹೊತ್ತು ಬೇಕು.”

ಚಂದ್ರಶೇಖರಪ್ಪ ತಲೆಯಾಡಿಸಿ, ‘ವಿದ್ಯುತ್ ಉಳಿತಾಯ: ಅತ್ಯುತ್ತಮ’ ಎಂದು ಬರೆದುಕೊಂಡರು. ಹಾಡು ಪೂರ್ತಿ ಮುಗಿಯುವವರೆಗೆ ಕಣ್ಣೊರೆಸಿಕೊಳ್ಳುತ್ತ ಕೂತರು. ಆಮೇಲೆ ಎದ್ದು ಪರದೆ ಸರಿಸಿದರು. ಗಂಗಕ್ಕ ತಂಬೂರಿಯ ಮೇಲೆ ಗಲ್ಲವಿಟ್ಟು ಕೂತಿದ್ದರು.

“ಇವರು ಯಾರು?”

ನಾಗಪತಿಯವರನ್ನು ವಾಣಿಜ್ಯಶಾಸ್ತ್ರ ಕೈಬಿಡಲಿಲ್ಲ. “ಬಿಡಿಭಾಗ ಸಾರ್.”

ಅಧಿಕಾರಿ ಕಡತ ಬಿಚ್ಚಿ ಆದೇಶದ ಪುಟ ತಿರುವಿದರು. “ಯಂತ್ರದ ಜೊತಿಗೇ ಬಂದದ್ದೋ, ಆಮ್ಯಾಲೆ ಹಾಕಿಸಿದ್ದೋ?”

“ಆಮೇಲೆ ಸಾರ್. ಸ್ಥಳೀಯವಾಗಿ.”

“ಹಂಗಾರ ತಕರಾರಿಲ್ಲ. ಬಿಡಿಭಾಗಕ್ಕ, ನಿರ್ವಹಣೆಗೆ ಅವಕಾಶ ಐತಿ. ತಿಂಗಳಾ ನಿರ್ವಹಣೆ ಮಾಡಿಸ್ರಿ. ಎಲ್ಲಾ ಸಭಾದವರ ಹಂಗ ತೆಂಗಿನಕಾಯಿ ಕೊಟ್ಟು ಕಳಿಸಬ್ಯಾಡ್ರಿ, ಸರಿಯಾಗಿ ಕೊಡ್ರಿ.”

ಆದೇಶದ ಮಾತನ್ನು ನಾಗಪತಿಯವರಿಂದ ಕೇಳಿದ್ದ ಗಂಗಕ್ಕನಿಗೆ ಒಂದು ಸಂದೇಹ ಉಳಿಯಿತು. “ಆದ್ರೆ ಆನು ಉಸಿರಾಡ್ತೆ ಅಲ್ದಾ?”

“ತಾಯೀ,” ಎಂದು ಚಂದ್ರಶೇಖರಪ್ಪ ಕೈಮುಗಿದರು. “ಹೊರಗ ಎಷ್ಟು ಬೇಕಾದ್ರೂ ಉಸಿರಾಡ್ರಿ. ಕಡತದಾಗ ಮಾತ್ರ ಬ್ಯಾಡ್ರಿ.”

ಅವರ ವರದಿಯನ್ನು ಆಧರಿಸಿ ಸಿದ್ದಾಪುರ, ಯಲ್ಲಾಪುರದ ಸಭೆಗಳಿಗೂ ಅದೇ ಮಾದರಿಯ ಯಂತ್ರ ಬಂತು. ಅಲ್ಲಿಯೂ ಧ್ವನಿ ತಣ್ಣಗಿತ್ತು, ಅಲ್ಲಿಯೂ ಬಿಡಿಭಾಗಗಳನ್ನು ಹುಡುಕಲಾಯಿತು. ಯಲ್ಲಾಪುರದಲ್ಲಿ ಹತ್ತು ವರ್ಷದಿಂದ ಹಾರ್ಮೋನಿಯಂ ಮುಚ್ಚಿಟ್ಟಿದ್ದ ಕೆರಿಯಪ್ಪ ಮಾಸ್ತರರನ್ನು ಧೂಳು ಕೊಡವಿ ಜೋಡಿಸಲಾಯಿತು. ಅವರ ಹೆಂಡತಿ ಸಂತೋಷದಿಂದ ಊರಿಗೆಲ್ಲ ಸಕ್ಕರೆ ಹಂಚಿದರು. ನವೀನನ ಅಂಗಡಿಯ ಜಾಹೀರಾತಿನಲ್ಲಿ ‘ಬೆಚ್ಚನೆಯ, ಜೀವಂತ ಧ್ವನಿ, ಜೀವವನ್ನು ಗ್ರಾಹಕರೇ ಹಾಕಿಸಿಕೊಳ್ಳತಕ್ಕದ್ದು’ ಎಂಬ ಸಾಲು ಸೇರಿತು.

ಪರದೆಯ ಅಗತ್ಯ ಉಳಿಯದ್ದರಿಂದ ತೆಗೆದರು. ಈಗ ಶಿರಸಿಯಲ್ಲಿ ಯಂತ್ರ ಮಧ್ಯದಲ್ಲಿ, ಗಂಗಕ್ಕ ಅದರ ಪಕ್ಕದಲ್ಲಿ. ಹಾಡು ಮುಗಿದಾಗ ಜನ ಯಂತ್ರಕ್ಕೆ ಚಪ್ಪಾಳೆ ತಟ್ಟಿ, ಗಂಗಕ್ಕನಿಗೆ ನಮಸ್ಕಾರ ಮಾಡುತ್ತಿದ್ದರು.

ಮರುವರ್ಷ ಗಂಗಕ್ಕನಿಗೆ ನೆಗಡಿಯಾಗಿ ಗಂಟಲು ಕೂತಿತು. ‘ಪ್ಲೇಯರು ದುರಸ್ತಿಯಲ್ಲಿದೆ’ ಎಂದು ಸಭೆಯ ಬಾಗಿಲಿಗೆ ಫಲಕ ತೂಗುಹಾಕಲಾಯಿತು. ನಿರ್ವಹಣೆಯ ಕರಾರಿನಂತೆ ನವೀನ ಹತ್ಯಾರದ ಚೀಲ ಹಿಡಿದು ಕೋಲಸಿರ್ಸಿಗೆ ಬಂದ. ಗಂಗಕ್ಕ ಬಾಯಿ ತೆರೆದರು. ಅವನು ಬ್ಯಾಟರಿ ಬೆಳಕು ಬಿಟ್ಟು ನೋಡಿ, “ಒಳಗೆ ಸ್ವಲ್ಪ ಕೆಂಪಾಗಿದೆ, ತಣ್ಣೀರು ಮುಟ್ಟಿಸಬೇಡಿ,” ಎಂದು ಗಂಭೀರವಾಗಿ ಹೇಳಿದ. ಗಂಗಕ್ಕ ಅವನಿಗೆ ತೆಳ್ಳೇವು ದೋಸೆ ಬಡಿಸಿದರು. ತಿಂದು, ಸಹಿ ಹಾಕಿಸಿಕೊಂಡು ಹೋದ.

ಮುಂದಿನ ತಿಂಗಳು ಗಂಗಕ್ಕ ಹಾಡಿದರು. ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ನಾಗಪತಿ ಸಂಭ್ರಮದಿಂದ, “ಗಂಗಕ್ಕಾ, ಸರ್ವೀಸ್ ಆದ ಮೇಲೆ ನಮ್ಮ ಪ್ಲೇಯರಿಂದು ಮಂದ್ರ ಮತ್ತೂ ಚೊಲೋ ಆತು,” ಎಂದರು.

“ಹೌದೋ ತಮಾ,” ಎಂದರು ಗಂಗಕ್ಕ, ತಂಬೂರಿಯನ್ನು ಹೊನ್ನನ ಕೈಗೆ ಕೊಡುತ್ತ. “ಹಾಡ್ತಾ ಇದ್ದಾಗ ನಂಗೂ ಹಂಗೇ ಕಂಡ್ತು.”