ಕಿನುಯೊ ತಿದ್ದಿದ ಹೂವು

ಇನ್ನೊಬ್ಬರು ಜೋಡಿಸಿದ ಹೂವನ್ನು ತಿದ್ದದಿದ್ದರೆ ಹೂಗುರು ಕಿನುಯೊಗೆ ಆ ದಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶಿಷ್ಯೆ ಜೋಡಿಸಬೇಕು, ಗುರು ತುಟಿ ಬಿಚ್ಚದೆ ಅದನ್ನು ಕಿತ್ತು ಮತ್ತೆ ಚುಚ್ಚಬೇಕು, ಶಿಷ್ಯೆ ನಡು ಬಗ್ಗಿಸಿ ಕೃತಜ್ಞತೆ ಹೇಳಬೇಕು. ಅವರ ಹೂಜೋಡಣೆಯ ಪಂಥದ ರೂಢಿಯೇ ಹಾಗೆ. (ಗಂಡ ತೋಕುಜಿಯ ಕಾಲರನ್ನೂ ಅವಳು ಹೀಗೇ ತಿದ್ದುತ್ತಿದ್ದಳು. ಕೃತಜ್ಞತೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ.)

ಅವಳಿಗೆ ಇದ್ದದ್ದು ಒಂದೇ ಆಸೆ. ಪಂಥದ ಅತ್ಯುನ್ನತ ಪದವಿಯ ಮರದ ಫಲಕ ತನ್ನ ಹೆಸರಿನಲ್ಲಿ ಮನೆಬಾಗಿಲಿಗೆ ಬರಬೇಕು. ಇಪ್ಪತ್ತೆಂಟು ವರ್ಷ ಕಾದಿದ್ದಳು. ಈ ಸಲ ತಮ್ಮೂರು ತೊಯಾಮಾದ ಹೂಪ್ರದರ್ಶನಕ್ಕೆ ಹೊಸ ಪೀಠಾಧಿಪತಿ ಷಿಗುರೆ ಅವರೇ ಕ್ಯೋತೊದಿಂದ ಬಂದು ಫಲಕ ಯಾರಿಗೆಂದು ಸಾರುವವರಿದ್ದರು. ಪೀಠಾಧಿಪತಿಗಳು ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು.

ಬೆಳಿಗ್ಗೆ, ಪ್ರದರ್ಶನ ನಡೆಯುವ ಬಹುಮಹಡಿ ಅಂಗಡಿ ತೆರೆಯುವ ಮೊದಲೇ ಕಿನುಯೊ ಗಂಡನೊಂದಿಗೆ ಅದರ ಏಳನೇ ಮಹಡಿಗೆ ಬಂದಳು. ತೋಕುಜಿ ನೀರು ತರಲು ಹೋದ. ಕಿನುಯೊ ತನ್ನ ಹೂವಿನ ಪಕ್ಕದ ಮೇಜಿನತ್ತ ತಿರುಗಿದಳು. ಎಲೆಗಳನ್ನೆಲ್ಲ ಕತ್ತರಿಸಿ ಚೌಕ ಚೌಕ ಮಾಡಿದ್ದರು! ಪಾಚಿಯ ಇಟ್ಟಿಗೆಯೊಂದು ದಾರದಲ್ಲಿ ಗಾಳಿಯಲ್ಲಿ ನೇತಾಡುತ್ತಿತ್ತು! ಅದರ ಮೇಲೆ ಹಳದಿ ಸೇವಂತಿಗೆಗಳು ಕವಾಯತಿಗೆ ನಿಂತಿದ್ದವು! ಹೆಸರಿನ ಚೀಟಿ ಬೇರೆ ಇಲ್ಲ.

‘ನಮ್ಮ ರುರಿಕಾಳದ್ದೇ ಇದು. ಮೂರು ಹೊತ್ತೂ ಫೋನಿನಲ್ಲಿ ಆಟ ಆಡ್ತಾಳೆ’ ಎಂದುಕೊಂಡ ಕಿನುಯೊ, ಶಿಷ್ಯೆಯ ಮಾನ ಉಳಿಸಲು ಕತ್ತರಿ ತೆಗೆದಳು. ಹತ್ತೇ ನಿಮಿಷ. ಇಟ್ಟಿಗೆ ಕೆಳಗಿಳಿಯಿತು, ತಾನು ತಂದಿದ್ದ ಒಂದು ಪೈನ್ ಕೊಂಬೆ ಆಕಾಶದತ್ತ ಚಾಚಿತು, ಮೂರು ಸೇವಂತಿಗೆ ಉಳಿದು ಮಿಕ್ಕವು ಬುಟ್ಟಿ ಸೇರಿದವು.

ತೋಕುಜಿ ಬಂದವನು ನಿಂತಲ್ಲೇ ನಿಂತ.

“ಲೇ, ಏನೇ ಮಾಡಿದೆ? ಎಷ್ಟು ಚೆನ್ನಾಗಿತ್ತು! ಥೇಟ್ ನನ್ನ ಹಳೇ ವಿಡಿಯೊ ಗೇಮ್ ಥರ!”

“ಅರವತ್ತೆರಡು ವರ್ಷ ಆಯ್ತು, ಇನ್ನೂ ಗೇಮಂತೆ! ಸುಮ್ನೆ ನೀರು ಹಾಕ್ರೀ.”

ಅಷ್ಟರಲ್ಲಿ ರುರಿಕಾ ಏದುಸಿರು ಬಿಡುತ್ತ ಓಡಿಬಂದಳು. “ಗುರುಗಳೇ, ನನ್ನದು ಆ ಮೂಲೇಲಿದೆ, ನೋಡಿದ್ರಾ? ನಿಮ್ಮ ಪಕ್ಕದ ಮೇಜು ಪೀಠಾಧಿಪತಿಗಳದ್ದಂತೆ!”

ಕಿನುಯೊ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಪೀಠಾಧಿಪತಿಗಳ ಹೂವನ್ನು ಪಂಥದಲ್ಲಿ ಇದುವರೆಗೆ ಒಂದು ನೊಣವೂ ತಿದ್ದಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದು ಷಿಗುರೆ ಅವರೇ ಪರಿವಾರಸಮೇತ ಪ್ರತ್ಯಕ್ಷರಾದರು.

“ಇದನ್ನ ಮುಟ್ಟಿದ್ದು ಯಾರು?”

ಕಿನುಯೊಳ ಮುಖ ಸುಣ್ಣವಾದದ್ದನ್ನು ತೋಕುಜಿ ನೋಡಿದ. ಅವನು ಮುಂದೆ ಬಂದು ನೆಲ ಮುಟ್ಟುವಷ್ಟು ಬಗ್ಗಿದ.

“ನಾನೇ ತಾಯಿ. ಹೂವಿನ ಗಂಧಗಾಳಿ ಇಲ್ಲದ ಮುಟ್ಠಾಳ. ನಮ್ಮವಳದ್ದು ಏನೂ ತಪ್ಪಿಲ್ಲ.”

ಕಿನುಯೊ ಸುಮ್ಮನಿದ್ದಳು. ಫಲಕ ಬದುಕಿತು ಎಂದು ನಿಟ್ಟುಸಿರೂ ಬಿಟ್ಟಳು.

ಷಿಗುರೆ ಹೂವಿನ ಸುತ್ತ ಮೂರು ಸುತ್ತು ಬಂದರು.

“ಗೇಮಿನಲ್ಲಿ ಒಬ್ಬರು ಕಟ್ಟಿದ್ದನ್ನ ಇನ್ನೊಬ್ಬರು ಬಂದು ಬದಲಾಯಿಸ್ತಾರೆ. ಅದಕ್ಕೇ ಹೆಸರು ಹಾಕದೆ ಆರು ಊರಲ್ಲಿ ಹೀಗೆ ಇಟ್ಟೆ. ಹೆದರಿ ಒಬ್ಬರೂ ಮುಟ್ಟಲಿಲ್ಲ. ಈ ಕೊಂಬೆ ನೋಡಿ, ಎಂಥ ಕೈ! ಈ ವರ್ಷದ ಫಲಕ ಈ ಯಜಮಾನರಿಗೇ.”

“ಅಯ್ಯೋ, ತಿದ್ದಿದ್ದು ನಾನು!” ಕಿನುಯೊ ಚೀರಿದಳು. “ಸತ್ಯವಾಗ್ಲೂ ನಾನೇ! ಈ ಮನುಷ್ಯನಿಗೆ ಸೇವಂತಿಗೆಗೂ ಮೂಲಂಗಿಗೂ ವ್ಯತ್ಯಾಸ ಗೊತ್ತಿಲ್ಲ!”

“ಹೌದು ತಾಯಿ, ಗೊತ್ತಿಲ್ಲ” ಎಂದು ತೋಕುಜಿಯೂ ಅಂಗಲಾಚಿದ.

“ಎಂಥ ವಿನಯ!” ಎಂದು ಪರಿವಾರವೆಲ್ಲ ಚಪ್ಪಾಳೆ ತಟ್ಟಿತು.

ಷಿಗುರೆ ಕಿನುಯೊಳನ್ನು ಕನಿಕರದಿಂದ ನೋಡಿದರು. “ಮುಟ್ಟಿದ್ದು ಯಾರು ಅಂದಾಗ ಸುಮ್ಮನಿದ್ದು, ಹೊಗಳಿದಾಗ ನಂದು ಅನ್ನಬಾರದು ಅಮ್ಮ. ಬೇಜಾರು ಮಾಡ್ಕೋಬೇಡಿ. ಮನೇಲೇ ಇಂಥ ಗುರುಗಳಿದ್ದಾರೆ. ನಾಳೆಯಿಂದ ಇವರ ಹತ್ರ ಮೊದಲಿಂದ ಕಲೀರಿ.”