ಕೊಂದವರು ಯಾರೆಂದು ಅವಳಿಗೆ ಮಾತ್ರ ಗೊತ್ತಿತ್ತು

ಕತೆ ಕಟ್ಟುವವರ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಆಗುವಾಗ ಎದೆ ಧಸಕ್ಕೆನ್ನುತ್ತದೆ. ನಗು ಆಮೇಲೆ ಬರುತ್ತದೆ.

ನಾನು ಓದಿದ್ದು ಐದನೇ ಕ್ಲಾಸು. ಮೀನಿನ ಟೆಂಪೋ ಓಡಿಸುವವ. ನಾನೂ ಹೆಂಡತಿಯೂ ಸೇರಿ ಕೊಲೆಯ ಕಾದಂಬರಿ ಬರೆಯುತ್ತಿದ್ದೆವು. ಒಬ್ಬನೇ ಪತ್ತೇದಾರ, ಒಂದರ ಹಿಂದೆ ಒಂದು ಪುಸ್ತಕ. ಹೇಗೆ ಕೊಲ್ಲುವುದು, ಹೆಣ ಎಲ್ಲಿಡುವುದು, ಅದು ನನ್ನ ಪಾಲು. ನಾನು ಹೇಳುವುದು, ಅವಳು ಬರೆಯುವುದು. ಕೊಂದವರು ಯಾರು ಎಂಬುದು ಅವಳ ಪಾಲು. ಕೊನೆಯ ಅಧ್ಯಾಯದವರೆಗೆ ನನಗೂ ಹೇಳುತ್ತಿರಲಿಲ್ಲ.

೧. ಬಸ್ಸಿನಲ್ಲಿ

ಬೈಂದೂರಿನಿಂದ ಕುಂದಾಪುರಕ್ಕೆ ಬರುತ್ತಿದ್ದೆವು. ಹೆಣದ ಮಾತು ಬಂತು. ಐಸಿನ ಪೆಟ್ಟಿಗೆಯಲ್ಲಿಡುವ ಎಂದೆ. ಎಷ್ಟು ದಿನ ತಡೆಯುತ್ತದೆ ಎಂದು ಅವಳು ಕೇಳಿದಳು. ನಾಲ್ಕು ದಿನ ಎಂದೆ. ಮುಂದಿನ ಸೀಟಿನಲ್ಲಿ ಒಣಮೀನು ಮಾರುವ ಹೆಂಗಸು ಬುಟ್ಟಿ ಹಿಡಿದು ಕೂತಿದ್ದಳು. ತಟ್ಟನೆ ತಿರುಗಿದಳು. ನಾನು ಕಿಟಕಿಯಾಚೆ ನೋಡತೊಡಗಿದೆ. ಆಕೆ ನಮ್ಮಿಬ್ಬರನ್ನೂ ನೋಡಿ, ದನಿ ತಗ್ಗಿಸಿ ಹೇಳಿದಳು:

"ಐಸ್ ಬ್ಯಾಡ. ಕರ್ಗಿ ನೀರ್ ಸೋರತ್ತ್. ಉಪ್ಪ್ ಹಾಕಿ. ಆರ್ ತಿಂಗ್ಳಾರೂ ಎಂತ ಆತಿಲ್ಲೆ."

೨. ಕೆರಾಡಿಯವರು

ಮೊದಲ ಪುಸ್ತಕದ ಕೊಲೆಗಾರ ಕೆರಾಡಿಯ ಬೋಳುತಲೆಯವ, ಜೀಪು ಇದ್ದವ. ಸುಮ್ಮನೆ ಕಟ್ಟಿದ್ದು. ಒಂದು ಬೆಳಿಗ್ಗೆ ಅಂಗಳದಲ್ಲಿ ಜೀಪು ನಿಂತಿತು. ಬೋಳುತಲೆಯವರೊಬ್ಬರು ಇಳಿದು, ಕೆರಾಡಿಯಿಂದ ಬಂದೆ ಎಂದರು. ನಾನು ಬಾಗಿಲ ಹಿಂದೆ ಸರಿದೆ. ಹೆಂಡತಿ ಕೈಮುಗಿದಳು. ತಪ್ಪಾಯಿತು, ಊರಿನ ಹೆಸರು ತೆಗೆಯುತ್ತೇವೆ ಎಂದಳು. ಅವರೇ ಗಾಬರಿಯಾದರು. ತೆಗೆಯಬೇಡಿ, ಈಗ ಊರಲ್ಲಿ ಯಾರೂ ತನಗೆ ಎದುರು ಮಾತಾಡುವುದಿಲ್ಲ ಎಂದರು. ಮತ್ತೆ ಹತ್ತಿರ ಬಂದರು.

"ಎರಡ್ನೇ ಪುಸ್ತಕ್ದಗೆ ನಂಗೊಂದ್ ಜಾಮೀನ್ ಕೊಡ್ಸಿ ಮರಾಯ್ರೆ. ಮುಂದಿನ್ ತಿಂಗ್ಳ್ ಮಗಳ್ ಮದ್ವೆ ಇತ್ತ್."

೩. ಬೊಜ್ಜದ ದಿನ

ನಾಲ್ಕನೇ ಪುಸ್ತಕ ಮುಕ್ಕಾಲು ಆಗಿತ್ತು. ಎರಡು ದಿನದ ಜ್ವರ. ಅವಳು ಹೋದಳು.

ನೋಟ್‌ಬುಕ್ಕಿನಲ್ಲಿ ಪೆನ್ನು ಸಿಕ್ಕಿಸಿಟ್ಟದ್ದು ಹಾಗೆಯೇ ಇತ್ತು. ಮೂರು ಸಲ ಓದಿದೆ. ಕೊಂದವರ ಹೆಸರು ಎಲ್ಲಿಯೂ ಇಲ್ಲ. ಅವಳ ಪುಸ್ತಕ ಅರ್ಧಕ್ಕೆ ನಿಂತರೆ ನನಗೆ ತಡೆಯುತ್ತಿರಲಿಲ್ಲ.

ಬೊಜ್ಜ, ಅಂದರೆ ಅವಳ ಉತ್ತರಕ್ರಿಯೆಯ ದಿನ, ಎಲೆಯಲ್ಲಿ ಅನ್ನ ಇಟ್ಟೆವು. ಕಾಗೆ ತೆಂಗಿನ ಮರದಿಂದ ಇಳಿಯಲಿಲ್ಲ. ಹೋದವರಿಗೆ ಆಸೆ ಉಳಿದಿದ್ದರೆ ಮುಟ್ಟುವುದಿಲ್ಲ. ಆ ಆಸೆ ಯಾವುದೆಂದು ಊಹಿಸಿ ಮಾತು ಕೊಡಬೇಕು. ಭಾವನನ್ನು ನೋಡಿಕೊಳ್ಳುತ್ತೇನೆ ಎಂದು ಅವಳ ತಂಗಿ ಹೇಳಿದಳು. ಇಳಿಯಲಿಲ್ಲ. ಪುಸ್ತಕ ನಾನು ಮುಗಿಸುತ್ತೇನೆ ಎಂದೆ. ಕಾಗೆ ಇನ್ನೂ ಮೇಲಿನ ಗರಿಗೆ ಹಾರಿತು.

ಕ್ರಿಯೆ ಮಾಡಿಸುತ್ತಿದ್ದ ಭಟ್ಟರು ನಮ್ಮ ಪುಸ್ತಕ ಓದುವವರು. ಬರೀ ಮುಗಿಸುತ್ತೇನೆ ಎಂದರೆ ಸಾಲದು, ಕೊಂದವರು ಯಾರೆಂದು ಹೇಳಿ ಎಂದರು.

ಡಾಕ್ಟರು ಎಂದೆ. ಇಲ್ಲ. ಬೋಟಿನ ಧಣಿ ಎಂದೆ. ಇಲ್ಲ. ಪೊಲೀಸು ಎಂದೆ. ಕಾಗೆ ರೆಕ್ಕೆ ಕೆರೆದುಕೊಂಡಿತು. ಅನುಮಾನದವರು ಮುಗಿದರು. ಪುಸ್ತಕದಲ್ಲಿ ಉಳಿದದ್ದು ಪತ್ತೇದಾರ, ಮತ್ತೆ ಅವನಿಗೆ ಗಂಜಿ ಬಡಿಸುತ್ತ ಕೇಸಿನ ಕತೆ ಕೇಳುವ ಹೆಂಡತಿ. ಆ ಪತ್ತೇದಾರನನ್ನು ಅವಳು ನನ್ನನ್ನು ನೋಡಿಯೇ ಬರೆದದ್ದು.

"ಅವನ ಹೆಂಡ್ತಿಯಾ?" ಎಂದೆ, ಮೆಲ್ಲಗೆ.

ಕಾಗೆ ಸುಯ್ಯನೆ ಇಳಿದು ಅನ್ನಕ್ಕೆ ಬಾಯಿ ಹಾಕಿತು.

ನಾಲ್ಕು ಪುಸ್ತಕದುದ್ದಕ್ಕೂ ನಾನು ಅವಳ ಕೈಯ ಗಂಜಿ ಉಂಡಿದ್ದೆ. ಕಣ್ಣಲ್ಲಿ ನೀರು ಬಂತು. ಭಟ್ಟರು ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಅವರು ಕೈ ತೊಳೆಯುತ್ತ ಹೇಳಿದರು:

"ಹ್ವಾಯ್, ಆ ಹೆಂಗ್ಸಿನ್ ಮೇಲೆ ನಂಗೆ ಎರಡ್ನೇ ಪುಸ್ತಕ್ದಗೇ ಅನ್ಮಾನ ಇತ್ತ್. ನಿಮ್ಗೆ ಕಾಗೆ ಬಂದ್ ಹೇಳ್ಕಾಯ್ತಾ?"